ರೆಸಿಡೆಂಟ್ ಇಲ್ದೆ ಮೂವತ್ಮೂರು ವರ್ಷ ಆಳಿದ ಜೊಹೊರ್‌ನ ಅಬು ಬಕರ್: ಇವನದ್ದು ಚಾಣಾಕ್ಷತನನಾ, ಅದೃಷ್ಟನಾ?

ವುಡ್‌ಲ್ಯಾಂಡ್ಸ್_ವಾಸು

ಎಲ್ರಿಗೂ ನಮಸ್ಕಾರ. ಮೊನ್ನೆ ಇನ್ನೊಂದು ಥ್ರೆಡ್‌ನಲ್ಲಿ ಮಲಯ ರಾಜ್ಯ ಪೆರಾಕ್‌ನ ಸುಲ್ತಾನ್ ಅಬ್ದುಲ್ಲಾನ ಮಾತು ಬಂದಿತ್ತಲ್ಲ, 1874ರಲ್ಲಿ ಪಂಗ್ಕೋರ್ ಒಪ್ಪಂದ ಮಾಡ್ಕೊಂಡು ಬ್ರಿಟಿಷ್ ರೆಸಿಡೆಂಟ್‌ನ (ಸಲಹೆಗಾರ ಅನ್ನೋ ಹೆಸರಲ್ಲಿ ರಾಜನ ಮೇಲೆ ಕೂರೋ ಅಧಿಕಾರಿ) ಮನೆಯೊಳಗೆ ಬಿಟ್ಕೊಂಡು, ಮುಂದಿನ ವರ್ಷ ಆ ರೆಸಿಡೆಂಟ್ ಬರ್ಚ್ ಪಾಸಿರ್ ಸಲಾಕ್‌ನಲ್ಲಿ ಕೊಲೆಯಾಗಿ, ಕೊನೆಗೆ ಸುಲ್ತಾನನ್ನೇ ಸೀಶೆಲ್ಸ್‌ಗೆ ಗಡೀಪಾರು ಮಾಡಿದ ಕಥೆ. ಅದಕ್ಕೇ ಇನ್ನೊಬ್ಬನ ಬಗ್ಗೆ ಬರೀಬೇಕು ಅನ್ನಿಸ್ತು. ಅದೇ ಕಾಲ, ಅದೇ ಬ್ರಿಟಿಷ್ರು, ಆದ್ರೆ ಸಿಂಗಾಪುರದಿಂದ ಕಣ್ಣಿಗೆ ಕಾಣೋ ಅಷ್ಟು ಹತ್ರ ಇದ್ದ ಜೊಹೊರ್‌ನಲ್ಲಿ ಒಬ್ಬ ದೊರೆ 1862ರಿಂದ 1895ರ ತನಕ ಆಳಿದ, ಅವನ ಕಾಲದಲ್ಲಿ ಒಬ್ಬನೇ ಒಬ್ಬ ರೆಸಿಡೆಂಟ್ ಅಲ್ಲಿಗೆ ಕಾಲಿಡ್ಲಿಲ್ಲ. ಸೆಲಂಗೋರ್, ಪೆರಾಕ್, ಪಹಾಂಗ್ ಎಲ್ಲಾ ಒಂದೊಂದಾಗಿ ಬಿದ್ವು, ಇವನು ಬೀಳ್ಲಿಲ್ಲ.

ಹೆಸರು ಅಬು ಬಕರ್. ಹುಟ್ಟಿದ್ದು 1833, ಸಿಂಗಾಪುರದ ತೆಲೋಕ್ ಬ್ಲಾಂಗಾದಲ್ಲಿ. ಇಲ್ಲಿನ ಜನ ಈಗ್ಲೂ ಅವನನ್ನ ಆಧುನಿಕ ಜೊಹೊರ್‌ನ ಪಿತಾಮಹ ಅಂತಾರೆ. ನಾನು ಕೆಲಸ ಮಾಡೋದು ಸಿಂಗಾಪುರ, ಮನೆ ಜೊಹೊರ್ ಬಾರು, ದಿನಾ ಸೇತುವೆ ದಾಟ್ತೀನಿ, ಹಾಗಾಗಿ ಅವನ ಅರಮನೆ, ಮಸೀದಿ ಎಲ್ಲಾ ನನಗೆ ದಾರಿ ಪಕ್ಕದ್ದೇ. ನನ್ನ ಪ್ರಕಾರ ಮಲಯ ರಾಜರಲ್ಲಿ ಇವನಷ್ಟು ಬುದ್ಧಿವಂತ ಆ ಶತಮಾನದಲ್ಲಿ ಇನ್ನೊಬ್ಬ ಇರ್ಲಿಲ್ಲ. ಏನಂತೀರಾ?

ಧಾರವಾಡ_ಪೇಡೆ

ಹಂಗಂತ ಒಮ್ಮೆಲೆ ಹೊತ್ತು ಮೆರಸಬ್ಯಾಡ್ರಿ ಸರ. ಮೊದಲ ಇವ ಸುಲ್ತಾನರ ಮನಿತನದಾಂವ ಹೌದೇನು? ನಾ ಓದಿದ್ದರಾಗ ಇವನ ಮನಿತನ ತೆಮೆಂಗೊಂಗ್, ಅಂದ್ರ ಸುಲ್ತಾನನ ಕೈಕೆಳಗಿನ ಮಂತ್ರಿ ಪದವಿ. ಖರೇ ಸುಲ್ತಾನ ಬ್ಯಾರೆ ಇದ್ದ. ಬ್ರಿಟಿಷರ ಕೂಡ ಕೈ ಜೋಡಿಸಿ ಅವನ್ನ ಮೂಲಿಗೆ ತಳ್ಳಿ ಇವರು ಮ್ಯಾಲೆ ಬಂದ್ರು. ರೆಸಿಡೆಂಟ್ ಯಾಕ ಬರಲಿಲ್ಲ ಅಂದ್ರ ಬ್ರಿಟಿಷರಿಗೆ ಬೇಕಾದದ್ದೆಲ್ಲಾ ಇವನ ಮಾಡಿ ಕೊಡತಿದ್ದ, ಮತ್ತ ಪಗಾರ ಕೊಟ್ಟು ಒಬ್ಬನ್ನ ಯಾಕ ಇಡಬೇಕು ಅವರು?

ವುಡ್‌ಲ್ಯಾಂಡ್ಸ್_ವಾಸು

ಮನೆತನದ ವಿಷಯ ಪೂರ್ತಿ ನಿಜ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಅದಿಲ್ದೆ ಮುಂದಿಂದು ಅರ್ಥ ಆಗಲ್ಲ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ ಸಿಂಗಾಪುರಕ್ಕೆ ಬಂದಾಗ ದ್ವೀಪದಲ್ಲಿ ಇದ್ದವನು ತೆಮೆಂಗೊಂಗ್ ಅಬ್ದುಲ್ ರಹಮಾನ್, ಅಬು ಬಕರ್‌ನ ಅಜ್ಜ. ಒಪ್ಪಂದಕ್ಕೆ ಸಹಿ ಮಾಡೋಕೆ ಒಬ್ಬ ಸುಲ್ತಾನ್ ಬೇಕಲ್ಲ, ಅದಕ್ಕೆ ಪಕ್ಕದ ರಿಯಾವ್ ದ್ವೀಪಗಳಿಂದ ಹಳೇ ಸುಲ್ತಾನರ ಮನೆಯ ಹುಸೇನ್‌ನನ್ನ ಕರ್ಕೊಂಡು ಬಂದು ಪಟ್ಟ ಕಟ್ಟಿದ್ರು. ಸುಲ್ತಾನನಿಗೆ ವರ್ಷಕ್ಕೆ 5000 ಸ್ಪ್ಯಾನಿಶ್ ಡಾಲರ್, ತೆಮೆಂಗೊಂಗ್‌ಗೆ 3000. 1824ರಲ್ಲಿ ಇನ್ನೊಂದು ಒಪ್ಪಂದ, ಅದ್ರಲ್ಲಿ ದ್ವೀಪಾನೇ ಪೂರ್ತಿ ಕಂಪನಿಗೆ ಬರೆದು ಕೊಟ್ಟಿದ್ದಾಯ್ತು.

ಆಮೇಲೆ ಎರಡು ಮನೆಗಳೂ ಬೇರೆ ಬೇರೆ ದಾರಿ ಹಿಡಿದ್ವು. ಹುಸೇನ್‌ನ ಮಗ ಅಲಿ ಸಾಲದಲ್ಲಿ ಮುಳುಗಿ ಒಬ್ಬ ಚೆಟ್ಟಿಯಾರ್ ಹತ್ರ ಕೈ ಚಾಚಿ, ತನ್ನ ಪಾಲಿಗೆ ಉಳಿದಿದ್ದ ಮುವಾರ್ ಸೀಮೇನೇ ಅಡ ಇಡೋ ಸ್ಥಿತಿಗೆ ಬಂದ. ಈ ಕಡೆ ಅಬು ಬಕರ್‌ನ ಅಪ್ಪ ದಾಯಿಂಗ್ ಇಬ್ರಾಹಿಂ ಗಟ್ಟಾ ಪರ್ಚಾ ಅನ್ನೋ ಮರದ ಅಂಟಿನ ವ್ಯಾಪಾರಾನ ತನ್ನ ಮುಷ್ಟಿಲಿ ಇಟ್ಕೊಂಡ. ಸಮುದ್ರದ ಅಡಿ ಟೆಲಿಗ್ರಾಫ್ ಕೇಬಲ್ ಹಾಕೋಕೆ ಅದೇ ಅಂಟಿನ ಹೊದಿಕೆ ಬೇಕಿತ್ತು, ಯುರೋಪ್‌ನಲ್ಲಿ ಬೇಡಿಕೆ ಏರ್ತಾ ಇತ್ತು, ಇವನ ಜನ ಕಾಡಲ್ಲಿ ಮರಗಳನ್ನ ಕಡಿದು ಕಡಿದು ತಂದ್ರು. 1855ರಲ್ಲಿ ಗವರ್ನರ್ ಮಧ್ಯಸ್ಥಿಕೇಲಿ ಒಪ್ಪಂದ ಆಯ್ತು: ಅಲಿಗೆ ಸುಲ್ತಾನ್ ಅನ್ನೋ ಹೆಸರು, 5000 ಡಾಲರ್ ಕೈಗೆ, ತಿಂಗಳಿಗೆ 500, ಜೊತೆಗೆ ಮುವಾರ್. ಉಳಿದ ಇಡೀ ಜೊಹೊರ್ ತೆಮೆಂಗೊಂಗ್‌ಗೆ. ಅಲಿಗೆ ಹೆಸರು ಉಳೀತು, ಇವರಿಗೆ ನೆಲ ಸಿಕ್ತು.

ಇತಿಹಾಸಪ್ರಿಯ_ಮೈಸೂರು

ಒಳ್ಳೇ ಥ್ರೆಡ್ ವಾಸು. ಒಂದು ಸೇರಿಸ್ತೀನಿ. 1867ರ ಏಪ್ರಿಲ್ 1ರ ತನಕ ಸಿಂಗಾಪುರ, ಪಿನಾಂಗ್, ಮಲಾಕ್ಕಾ ಇವೆಲ್ಲಾ ಕಲ್ಕತ್ತದ ಆಡಳಿತದ ಕೆಳಗೇ ಇದ್ದಿದ್ದು, ಆಮೇಲೆ ಲಂಡನ್ನಿನ ಕಲೋನಿಯಲ್ ಆಫೀಸ್ (ವಸಾಹತು ಇಲಾಖೆ) ಕೈಗೆ ಹೋಯ್ತು. ಅಬು ಬಕರ್‌ಗೆ ಸಿಕ್ಕ ಮೊದಲ ಬ್ರಿಟಿಷ್ ಪದವಿ ಕೂಡ ಸ್ಟಾರ್ ಆಫ್ ಇಂಡಿಯಾ, ನಮ್ಮ ಮಹಾರಾಜರಿಗೆಲ್ಲಾ ಕೊಡ್ತಿದ್ರಲ್ಲ ಅದೇ. ಅಂದ್ರೆ ಲಂಡನ್ ಕಣ್ಣಲ್ಲಿ ಅವನು ಮೊದಲು ಒಬ್ಬ ಇಂಡಿಯನ್ ಪ್ರಿನ್ಸ್ ತರಾನೇ. ಮೈಸೂರಿಗೂ ಅವನಿಗೂ ಒಂದು ದೊಡ್ಡ ವ್ಯತ್ಯಾಸ ಏನಂದ್ರೆ ನಮ್ಮಲ್ಲಿ 1831ರಿಂದ 50 ವರ್ಷ ಕಮಿಷನರ್ ಆಡಳಿತ, 1881ರಲ್ಲಿ ವಾಪಸ್ ಕೊಟ್ಟಾಗ್ಲೂ ರೆಸಿಡೆಂಟ್ ಬೆಂಗಳೂರಲ್ಲೇ ಕೂತಿದ್ದ. ಇವನಿಗೆ ಆ ಕಾಟ ಇರ್ಲಿಲ್ಲ, ಆದ್ರೆ ಗವರ್ನರ್ ಎದುರು ದಡದಲ್ಲೇ ಇದ್ದ ಅನ್ನೋದು ಮರೀಬಾರ್ದು.

ಮಲೆನಾಡ್_ಮೆಣಸು

ನಂಗೆ ಇದ್ರಲ್ಲಿ ಆಸಕ್ತಿ ಬಂದಿದ್ದು ಬೇರೆ ಕಾರಣಕ್ಕೆ. ನಮ್ಮದು ಶಿರಸಿ ಕಡೆ ಅಡಿಕೆ ಮೆಣಸಿನ ತೋಟ. ಜೊಹೊರ್ ಅಂದ್ರೆ 19ನೇ ಶತಮಾನದಲ್ಲಿ ಕಾಳುಮೆಣಸು ಮತ್ತೆ ಗ್ಯಾಂಬಿಯರ್‌ಗೆ ಪ್ರಸಿದ್ಧಿ ಅಂತ ಎಲ್ಲೋ ಓದಿದ್ದೆ. ರಾಜನಿಗೆ ದುಡ್ಡು ಬಂದಿದ್ದೂ ಅಲ್ಲಿಂದಾನೇ ಇರ್ಬೇಕಲ್ಲ? ಯಾರಾದ್ರೂ ಆ ಬೇಸಾಯದ ಬಗ್ಗೆ ಹೇಳಿ, ಈ ಒಪ್ಪಂದ ಸಹಿ ಎಲ್ಲಾ ಓದಿ ಓದಿ ತಲೆ ಕೆಡ್ತದೆ.

ವುಡ್‌ಲ್ಯಾಂಡ್ಸ್_ವಾಸು

ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ, ಅಸಲಿ ಕಥೆ ಅಲ್ಲೇ ಇರೋದು.

ಗ್ಯಾಂಬಿಯರ್ ಅಂದ್ರೆ ಒಂದು ಪೊದೆ ಜಾತಿ ಗಿಡ. ಅದರ ಎಲೆ, ಎಳೆ ರೆಂಬೆ ಕತ್ತರಿಸಿ ತಂದು ದೊಡ್ಡ ಕಡಾಯಿಲಿ ನೀರಲ್ಲಿ ಕುದಿಸ್ತಾರೆ, ಗಂಟೆಗಟ್ಟಲೆ. ರಸ ಗಟ್ಟಿ ಆದ್ಮೇಲೆ ಆರಿಸಿ ಬಿಲ್ಲೆ ಬಿಲ್ಲೆ ಕತ್ತರಿಸಿ ಒಣಗಿಸ್ತಾರೆ. ಮಲಯದವರು ಅದನ್ನ ವೀಳ್ಯದ ಜೊತೆ ಹಾಕ್ಕೊಳ್ತಾರೆ, ನಮ್ಮ ಕಾಚಿನ ಜಾಗದಲ್ಲಿ. ಆದ್ರೆ ಅಸಲಿ ಗಿರಾಕಿ ಇಂಗ್ಲೆಂಡ್, ಅಲ್ಲಿ ಚರ್ಮ ಹದ ಮಾಡೋಕೆ ಮತ್ತೆ ಬಣ್ಣ ಹಾಕೋಕೆ ಟನ್ನುಗಟ್ಟಲೆ ಬೇಕಿತ್ತು. ಕುದಿಸಿ ಉಳಿದ ಎಲೆ ಚರಟ ಇರುತ್ತಲ್ಲ, ಅದನ್ನ ತಗೊಂಡು ಹೋಗಿ ಮೆಣಸಿನ ಬಳ್ಳಿ ಬುಡಕ್ಕೆ ಹಾಕ್ತಿದ್ರು. ಅದಕ್ಕೇ ಎರಡೂ ಬೆಳೆ ಯಾವಾಗ್ಲೂ ಜೋಡಿ. ಒಲೆಗೆ ಸೌದೆ ವಿಪರೀತ ಬೇಕು, ಹಾಗಾಗಿ ತೋಟದ ಸುತ್ತ ಕಾಡು ಇರ್ಲೇಬೇಕು. ಕಾಡು ಮುಗೀತು, ಮಣ್ಣು ಸತ್ತೋಯ್ತು ಅಂದ್ರೆ ತೋಟ ಬಿಟ್ಟು ಮುಂದಿನ ನದಿಗೆ ಹೋಗೋದು. ಸಿಂಗಾಪುರ ದ್ವೀಪದಲ್ಲಿ ಕಾಡು ಖಾಲಿ ಆಗ್ತಾ ಬಂದಾಗ ಚೀನಿ ಬೆಳೆಗಾರರು ಜಲಸಂಧಿ ದಾಟಿ ಜೊಹೊರ್‌ಗೆ ಬಂದ್ರು, ಹೆಚ್ಚಿನವರು ಟಿಯೋಚೂ ಅನ್ನೋ ಚೀನಿ ಪಂಗಡದ ಜನ.

ಇಬ್ರಾಹಿಂ ಕಾಲದಲ್ಲಿ, 1844ರ ಹೊತ್ತಿಗೆ ಶುರುವಾದ ವ್ಯವಸ್ಥೆ ಇದು. ಒಂದು ನದೀನ ಒಬ್ಬ ಚೀನಿ ಮುಖಂಡನಿಗೆ ಬರೆದು ಕೊಡೋದು. ಆ ಪತ್ರಕ್ಕೆ ಸೂರತ್ ಸುಂಗಾಯ್ ಅಂತ ಹೆಸರು, ಆ ಮುಖಂಡ ಕಾಂಗ್ಚು. ನದಿ ದಡದಲ್ಲಿ ಅವನ ಹಟ್ಟಿ, ಅಂಗಡಿ, ಗೋದಾಮು. ಅಲ್ಲಿ ಅಫೀಮು, ಸಾರಾಯಿ, ಜೂಜು, ಹಂದಿ ಮಾಂಸ ಇವೆಲ್ಲದರ ಗುತ್ತಿಗೆ. ಜೊಹೊರ್‌ನ ಎಷ್ಟೋ ಊರ ಹೆಸರಲ್ಲಿ ಈಗ್ಲೂ ಕಾಂಗ್ಕಾರ್ ಅಂತ ಇದೆ, ಕಾಂಗ್ಕಾರ್ ಪುಲಾಯ್, ಕಾಂಗ್ಕಾರ್ ತೆಬ್ರಾವ್, ಅದೆಲ್ಲಾ ಅದೇ ಕಾಲದ್ದು.

ಮಲೆನಾಡ್_ಮೆಣಸು

ಆಹಾ, ಚರಟಾನ ಬಳ್ಳಿ ಬುಡಕ್ಕೆ ಹಾಕೋದು ಅಂದ್ರೆ ಒಳ್ಳೇ ಲೆಕ್ಕಾಚಾರ. ನಮ್ಮಲ್ಲಿ ಮೆಣಸು ಜೀವಂತ ಮರಕ್ಕೆ ಹಬ್ಬಿಸ್ತೀವಿ, ಅಡಿಕೆ ಮರಕ್ಕೋ ಸಿಲ್ವರ್ ಓಕ್‌ಗೋ. ಅಲ್ಲಿ ಚೀನಿಯವರು ಕಡಿದ ಮರದ ಕಂಬ ನೆಟ್ಟು ಹಬ್ಬಿಸ್ತಿದ್ರು ಅಂತ ಕೇಳಿದ್ದೆ, ಬಿಸಿಲಿಗೆ ಒಡ್ಡಿ ಬೆಳೆಸೋದು. ಇಳುವರಿ ಬರತ್ತೆ ಆದ್ರೆ ಗೊಬ್ಬರ ಕೇಳ್ತದೆ, ಬಳ್ಳಿ ಬೇಗ ಮುದಿಯಾಗ್ತದೆ. ಮಣ್ಣನ್ನ ಹಿಂಡಿ ತೆಗೆಯೋ ಬೇಸಾಯ ಅದು, ಅಜ್ಜ ನೆಟ್ಟಿದ್ದನ್ನ ಮೊಮ್ಮಗ ಕೊಯ್ಯೋ ತೋಟ ಅಲ್ಲ.

ಧಾರವಾಡ_ಪೇಡೆ

ನೋಡ್ರಿ ಬಂತು ಮಾತು. ಅಫೀಮು ಅಂದ್ರಲ್ಲ ವಾಸು ಸರ, ಅದನ್ನ ಒಂದು ಸಾಲಿನ್ಯಾಗ ಹೇಳಿ ಮುಂದ ಹೋದ್ರಿ. ರಾಜನ ಬೊಕ್ಕಸಕ್ಕ ದೊಡ್ಡ ಆದಾಯನ ಅದು. ಚೀನಾದಿಂದ ಬಂದ ಕೂಲಿ ಹಗಲೆಲ್ಲಾ ಕಾಡ ಕಡದು ಎಲಿ ಕುದಿಸಿ ಸಂಜಿಕ ಅಫೀಮು ಸೇದತಿದ್ದ, ಅವನ ಪಗಾರದ ಅರ್ಧ ಅಲ್ಲೇ ಹೊಗಿ ಆಗಿ ಹೋಗತಿತ್ತು, ಆ ಹೊಗಿ ಮ್ಯಾಲಿನ ಗುತ್ತಿಗಿ ರೊಕ್ಕ ಅರಮನಿಗೆ. ಹುಲಿ ಹಿಡದು ಸತ್ತವರು ಬ್ಯಾರೆ. ಲಂಡನ್ನಿನ್ಯಾಗ ಮಹಾರಾಜ ವಜ್ರ ಹಾಕ್ಕೊಂಡು ಮೆರದದ್ದು ಈ ರೊಕ್ಕದಾಗ. ಆಧುನಿಕ ಪಿತಾಮಹ ಅನ್ನೋರು ಇದನ್ನೂ ಸೇರಿಸಿ ಅನ್ಬೇಕು.

ಕುಡ್ಲ_ಕಡಲು

ಪೇಡೆಯವ್ರೇ, ಅದು ಸತ್ಯವೇ ಮಾರಾಯ್ರೆ, ಆದ್ರೆ ಆವಾಗ ಆ ಕಡೆ ಸಿಂಗಾಪುರ ಸರ್ಕಾರ ಬದುಕಿದ್ದೂ ಅಫೀಮಿನ ಗುತ್ತಿಗೆಯಲ್ಲೇ ಅಲ್ವಾ? ಬ್ರಿಟಿಷರು ಮಾಡಿದ್ರೆ ರೆವೆನ್ಯೂ, ಮಲಯ ರಾಜ ಮಾಡಿದ್ರೆ ಪಾಪ ಅಂತ ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ. ಸಿಂಗಾಪುರದ ಗುತ್ತಿಗೆದಾರರು, ಜೊಹೊರ್ ಗುತ್ತಿಗೆದಾರರು ಸುಮಾರು ಸಲ ಒಂದೇ ಗುಂಪು ಕೂಡ. ನಂಗೆ ಆಶ್ಚರ್ಯ ಆಗೋದು ಬೇರೆ: ಸಾವಿರಾರು ಚೀನಿ ಜನ, ಗುಪ್ತ ಸಂಘಗಳು, ಪೆರಾಕ್‌ನ ಲಾರುಟ್‌ನಲ್ಲಿ ಅದೇ ಸಂಘಗಳ ಗಲಾಟೆಯಿಂದ ಬ್ರಿಟಿಷರು ಒಳಗೆ ಬಂದದ್ದು. ಜೊಹೊರ್‌ನಲ್ಲಿ ಯಾಕೆ ಹಾಗೆ ಆಗ್ಲಿಲ್ಲ?

ವುಡ್‌ಲ್ಯಾಂಡ್ಸ್_ವಾಸು

ಇದಕ್ಕೇ ನಾನು ಅವನನ್ನ ಬುದ್ಧಿವಂತ ಅನ್ನೋದು. ಲಾರುಟ್‌ನಲ್ಲಿ ಘೀ ಹಿನ್, ಹೈ ಸಾನ್ ಅಂತ ಎರಡು ಬಣ, ತವರದ ಗಣಿಗೋಸ್ಕರ ಹೊಡೆದಾಡಿ ಸತ್ರು, ಮಲಯ ಮುಖಂಡರು ಆ ಕಡೆ ಒಬ್ಬ ಈ ಕಡೆ ಒಬ್ಬ ಸೇರ್ಕೊಂಡ್ರು, ರಾಜ್ಯ ಒಡೆದು ಹೋಯ್ತು. ಜೊಹೊರ್‌ನಲ್ಲಿ ಒಂದೇ ಸಂಘಕ್ಕೆ ಅನುಮತಿ, ಅದು ನ್ಗೀ ಹೆಂಗ್. 1873ರಲ್ಲಿ ಕಾಂಗ್ಚು ಕಾನೂನು ಅಂತಾನೇ ಒಂದು ಮಾಡಿ, ಕಾಂಗ್ಚುವಿನ ಅಧಿಕಾರ ಏನು, ತೆರಿಗೆ ಏನು ಎಲ್ಲಾ ಬರೆದಿಟ್ರು, ಬೇರೆ ಸಂಘ ಕಟ್ಟೋ ಹಾಗಿಲ್ಲ ಅಂತಾನೂ ಹಾಕಿದ್ರು. ಸಿಂಗಾಪುರದಲ್ಲಿ ಬ್ರಿಟಿಷರು 1890ರಲ್ಲಿ ಈ ಸಂಘಗಳನ್ನ ನಿಷೇಧ ಮಾಡಿದ್ರು, ಇಲ್ಲಿ ಆಮೇಲೂ ನಡೀತು. ಚೀನಿಯರ ಮೇಲೆ ಚೀನಿ ಮುಖಂಡನನ್ನೇ ಇಟ್ಟ, ತಾನ್ ಹಿಯೋಕ್ ನೀ ಅನ್ನೋ ವ್ಯಾಪಾರಿಗೆ 1870ರಲ್ಲಿ ಮೇಜರ್ ಚೈನಾ ಅಂತ ಪದವಿ. ಜೊಹೊರ್ ಬಾರು ಪೇಟೆಲಿ ಅವನ ಹೆಸರಿನ ರಸ್ತೆ ಈಗ ಫೋಟೋ ತೆಗೆಸ್ಕೊಳ್ಳೋರ ಜಾಗ, ವೀಕೆಂಡ್ ಕಾಲಿಡೋಕೆ ಆಗಲ್ಲ.

ಇನ್ನೊಬ್ಬನ ಹೆಸರು ಹೇಳ್ಲೇಬೇಕು, ಮೊಹಮ್ಮದ್ ಸಾಲೇ ಪೆರಂಗ್. ಮಲಯ ಅಧಿಕಾರಿ, ಚೀನಿ ಭಾಷೆ ಓದೋಕೆ ಬರೆಯೋಕೆ ಕಲಿತು ಕಾಂಗ್ಚುಗಳ ಲೆಕ್ಕ ನೋಡ್ತಿದ್ದ. ಪೊಲೀಸ್ ಕೆಲಸಾನೂ ಅವನೇ, ಸರ್ವೇನೂ ಅವನೇ, ಜೊಹೊರ್‌ನ ನಕ್ಷೆ ಮಾಡಿದವನೂ ಅವನೇ, 1879ರಲ್ಲಿ ಮುವಾರ್ ಕಡೆ ಜೆಮೆಂತಾದಲ್ಲಿ ಹಳೇ ಸುಲ್ತಾನರ ಮನೆಯವರು ದಂಗೆ ಎದ್ದಾಗ ಸೈನ್ಯ ತಗೊಂಡು ಹೋದವನೂ ಅವನೇ. ಅಬು ಬಕರ್ ಸುತ್ತ ಇಂಥ ಐದಾರು ಜನ ಇದ್ರು, ಅನೇಕರು ತೆಲೋಕ್ ಬ್ಲಾಂಗಾದಲ್ಲಿ ಕೀಸ್‌ಬರಿ ಅನ್ನೋ ಪಾದ್ರಿಯ ಶಾಲೇಲಿ ಕಲಿತವರು, ಅಬು ಬಕರ್ ಕೂಡ ಅಲ್ಲಿಯವನೇ. ಬ್ರಿಟಿಷರಿಗೆ ‘ಇಲ್ಲಿ ಆಡಳಿತ ಸರಿ ಇಲ್ಲ, ನಾವು ಬಂದು ಸರಿ ಮಾಡ್ತೀವಿ’ ಅನ್ನೋಕೆ ನೆಪಾನೇ ಸಿಗ್ಲಿಲ್ಲ. ಬೇರೆ ರಾಜ್ಯಗಳಿಗೆ ಅವರು ನುಗ್ಗಿದ್ದು ಆ ನೆಪದಲ್ಲೇ.

ಇತಿಹಾಸಪ್ರಿಯ_ಮೈಸೂರು

ಒಂದು ತಮಾಷೆ ಹೇಳ್ಲಾ, ಎಲ್ಲಾನೂ ಗೆದ್ದಿಲ್ಲ ಅವನು. 1869ರಲ್ಲಿ ಜೊಹೊರ್ ಬಾರುವಿಂದ ಗುನುಂಗ್ ಪುಲಾಯ್ ಬೆಟ್ಟದ ಕಡೆಗೆ ರೈಲು ಹಾಕೋಕೆ ಹೊರಟ, ಮಲಯಾದಲ್ಲಿ ಇನ್ನೂ ಯಾರೂ ರೈಲಿನ ಯೋಚನೆ ಮಾಡದ ಕಾಲ. ಕಬ್ಬಿಣ ದುಬಾರಿ, ಕಾಡಲ್ಲಿ ಮರ ಬೇಕಾದಷ್ಟು ಬಿದ್ದಿದೆ, ಮೆಲ್ಡ್ರಮ್ ಅನ್ನೋ ಸ್ಕಾಟ್ಲೆಂಡಿನವನದ್ದು ಸ್ಟೀಮ್ ಸಾಮಿಲ್ ಬೇರೆ ಊರಲ್ಲೇ ಇದೆ, ಹಾಗಾಗಿ ಹಳಿಗಳನ್ನೂ ಮರದಲ್ಲೇ ಮಾಡೋಣ ಅಂತ ತೀರ್ಮಾನ. ಕೆಲವು ಮೈಲಿ ಹಾಕಿದ್ರು. ಆಮೇಲೆ ಗೆದ್ದಲು ಹಿಡೀತು. ಮಳೆ ಬೀಳೋ ಉಷ್ಣವಲಯದ ಕಾಡಲ್ಲಿ ಮರದ ಹಳಿ ಅಂದ್ರೆ ಗೆದ್ದಲಿಗೆ ಊಟ ಬಡಿಸಿದ ಹಾಗೆ. ಯೋಜನೆ ಅಲ್ಲಿಗೇ ನಿಂತೋಯ್ತು.

ಲಾ_ಪಾಯಿಂಟ್

ಜೊಹೊರ್ ಸುಲ್ತಾನ್ ಅಂತ ನೋಡಿದ ತಕ್ಷಣ ಓಡಿ ಬಂದೆ. ಕಾನೂನು ಓದಿದವರಿಗೆ ಇವನ ಹೆಸರು ಬೇರೆ ರೀತಿ ಪರಿಚಯ. ಮಿಗೆಲ್ ವರ್ಸಸ್ ಸುಲ್ತಾನ್ ಆಫ್ ಜೊಹೊರ್, 1894ರ ಕ್ವೀನ್ಸ್ ಬೆಂಚ್ ವರದಿಲಿ ಇದೆ. ಇಂಟರ್‌ನ್ಯಾಷನಲ್ ಲಾ ಕ್ಲಾಸಲ್ಲಿ ನಮಗೆ ಇದನ್ನ ಓದಿಸಿದ್ರು, ಕೇಸ್‌ನ ವಿಷಯ ಕೇಳಿ ಇಡೀ ಕ್ಲಾಸ್ ನಕ್ಕಿತ್ತು.

ವಿಷಯ ಏನಪ್ಪಾ ಅಂದ್ರೆ, ಇವನು 1885ರಲ್ಲಿ ಇಂಗ್ಲೆಂಡ್‌ನಲ್ಲಿದ್ದಾಗ ಆಲ್ಬರ್ಟ್ ಬೇಕರ್ ಅಂತ ಹೆಸರಿಟ್ಕೊಂಡು ಸಾಮಾನ್ಯ ಮನುಷ್ಯನ ಹಾಗೆ ಓಡಾಡ್ತಿದ್ದ. ಅಬು ಬಕರ್, ಎ. ಬೇಕರ್, ತಲೆ ನೋಡಿ. ಆಗ ಜೆನ್ನಿ ಮಿಗೆಲ್ ಅನ್ನೋ ಹೆಂಗಸಿನ ಪರಿಚಯ ಆಯ್ತು. ಮದುವೆ ಆಗ್ತೀನಿ ಅಂತ ಮಾತು ಕೊಟ್ಟು ತಪ್ಪಿದ ಅಂತ ಅವಳು ಪರಿಹಾರ ಕೇಳಿ 1893ರಲ್ಲಿ ಕೋರ್ಟಿಗೆ ಹೋದ್ಲು. ಇವನ ವಕೀಲರು ಹೇಳಿದ್ದು ಒಂದೇ ಮಾತು: ನಮ್ಮ ಕಕ್ಷಿದಾರ ಸ್ವತಂತ್ರ ಸಾರ್ವಭೌಮ, ಅವನ ಮೇಲೆ ಇಂಗ್ಲಿಷ್ ಕೋರ್ಟಿಗೆ ಅಧಿಕಾರ ಇಲ್ಲ. ಅವಳ ಕಡೆಯವರು, ಏನ್ ಸ್ವಾಮಿ, 1885ರ ಒಪ್ಪಂದದಲ್ಲಿ ವಿದೇಶ ವ್ಯವಹಾರವನ್ನೆಲ್ಲಾ ಬ್ರಿಟಿಷರಿಗೆ ಬಿಟ್ಟುಕೊಟ್ಟವನು ಎಂಥಾ ಸ್ವತಂತ್ರ, ಅದೂ ಅಲ್ದೆ ಸುಳ್ಳು ಹೆಸರಲ್ಲಿ ಖಾಸಗಿ ವ್ಯಕ್ತಿ ಆಗಿ ಬದುಕಿದಾನಲ್ಲ, ಹಾಗಾಗಿ ನಮ್ಮ ಕಾನೂನಿಗೆ ಒಳಪಟ್ಟ ಹಾಗೇ ಅಂತ ವಾದ ಮಾಡಿದ್ರು. ಕೋರ್ಟ್ ಕಲೋನಿಯಲ್ ಆಫೀಸನ್ನ ಕೇಳ್ತು. ಅಲ್ಲಿಂದ ಪತ್ರ ಬಂತು, ಜೊಹೊರ್ ಸ್ವತಂತ್ರ ರಾಜ್ಯ, ಅಬು ಬಕರ್ ಅದರ ಸಾರ್ವಭೌಮ ಅಂತ. ಲಾರ್ಡ್ ಎಷರ್ ಇದ್ದ ಪೀಠ ಆ ಪತ್ರಾನೇ ಅಂತಿಮ ಅಂತು. ಸಾರ್ವಭೌಮ ಒಬ್ಬ ಕೋರ್ಟಿಗೆ ತಲೆ ಬಾಗಬೇಕಾದ್ರೆ ಕೇಸ್ ಎದುರು ಬಂದ ಹೊತ್ತಲ್ಲಿ ತಾನೇ ಒಪ್ಕೋಬೇಕು, ಅದಕ್ಕೆ ಮುಂಚೆ ಯಾವ ಹೆಸರಲ್ಲಿ ಎಲ್ಲಿ ಬದುಕಿದ್ದ ಅನ್ನೋದು ಲೆಕ್ಕಕ್ಕಿಲ್ಲ ಅಂದ್ರು. ಜೆನ್ನಿಗೆ ಬಿಡಿಗಾಸೂ ಸಿಗ್ಲಿಲ್ಲ.

ನಮ್ಮ ಸಿವಿಲ್ ಪ್ರೊಸೀಜರ್ ಕೋಡ್‌ನ 86ನೇ ಸೆಕ್ಷನ್ ನೋಡಿ, ವಿದೇಶಿ ರಾಜರ ಮೇಲೆ ದಾವೆ ಹಾಕ್ಬೇಕಾದ್ರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಇಂಗ್ಲೆಂಡ್‌ನಲ್ಲಿ 1924ರ ಕೆಲಾಂತಾನ್ ಕೇಸಲ್ಲೂ, ಅದೂ ಮಲಯ ರಾಜ್ಯವೇ, ಸರ್ಕಾರದ ಪತ್ರಾನೇ ಅಂತಿಮ ಅಂದ್ರು.

ಧಾರವಾಡ_ಪೇಡೆ

ಹ್ಹ ಹ್ಹ, ಆಲ್ಬರ್ಟ್ ಬೇಕರ್! ಆದ್ರ ಇದರಾಗ ಬಡವಿ ಆಕಿ, ಆಕಿ ಕಥಿ ಯಾರೂ ಕೇಳಂಗಿಲ್ಲ. ಸಾರ್ವಭೌಮ ಅಂದ ಕೂಡ್ಲೆ ಕೊಟ್ಟ ಮಾತಿಗೆ ಬೆಲಿ ಇಲ್ಲ ಅಂದಂಗ ಆತು.

ಲಾ_ಪಾಯಿಂಟ್

ನೂರಕ್ಕೆ ನೂರು ಒಪ್ತೀನಿ. ಆದ್ರೆ ಒಂದು ಮಜಾ ಗಮನಿಸಿ. ಸಿಂಗಾಪುರದಲ್ಲಿ ಕೂತ ಗವರ್ನರ್‌ಗಳು ಇವನನ್ನ ಅಧೀನ ಅಂತ ನಡೆಸ್ಕೊಳ್ಳೋಕೆ ಒದ್ದಾಡ್ತಿದ್ರು. ಅದೇ ಹೊತ್ತಲ್ಲಿ ಅವರ ಮೇಲಧಿಕಾರಿಗಳ ಇಲಾಖೆ ಲಂಡನ್ನಿನ ಕೋರ್ಟಿಗೆ ಇವನು ಸ್ವತಂತ್ರ ಅಂತ ಬರೆದು ಕೊಟ್ಟಿತು. ಒಂದು ಹೆಂಗಸಿನ ಮದುವೆ ಕೇಸಿಂದ ಅವನಿಗೆ ಸಿಕ್ಕ ಸರ್ಟಿಫಿಕೇಟ್ ಯಾವ ಒಪ್ಪಂದದಲ್ಲೂ ಅಷ್ಟು ನೇರವಾಗಿ ಸಿಕ್ಕಿರ್ಲಿಲ್ಲ.

ವುಡ್‌ಲ್ಯಾಂಡ್ಸ್_ವಾಸು

ಸೂಪರ್. ಲಂಡನ್ ವರ್ಸಸ್ ಸಿಂಗಾಪುರ ಅನ್ನೋದೇ ಅವನ ಇಡೀ ರಾಜಕೀಯ. ಗವರ್ನರ್ ಕಾಟ ಕೊಟ್ರೆ ನೇರ ಹಡಗು ಹತ್ತಿ ಲಂಡನ್ನಿಗೆ ಹೋಗ್ತಿದ್ದ. 1866ರಲ್ಲೇ ಮೊದಲ ಸಲ ಹೋಗಿ ವಿಕ್ಟೋರಿಯಾ ರಾಣಿನ ಭೇಟಿ ಮಾಡಿ ಬಂದ, ಆ ಕಾಲಕ್ಕೆ ಮಲಯ ರಾಜ ಒಬ್ಬ ಅಷ್ಟು ದೂರ ಹೋಗೋದು ಅಂದ್ರೆ ಕೇಳರಿಯದ ವಿಷಯ. ಪ್ರಿನ್ಸ್ ಆಫ್ ವೇಲ್ಸ್ ಜೊತೆ ಸ್ನೇಹ. 1881ರಲ್ಲಿ ಹವಾಯಿ ದೊರೆ ಕಲಾಕಾವಾ ವಿಶ್ವ ಪ್ರವಾಸದಲ್ಲಿ ಜೊಹೊರ್‌ಗೆ ಬಂದು ಇವನ ಅತಿಥಿ ಆಗಿದ್ದ. 1883ರಲ್ಲಿ ಇವನು ಜಪಾನ್ ಸುತ್ತಿ ಬಂದ. ಇಂಥವನನ್ನ ಕಾಡು ರಾಜ ಅಂತ ಲಂಡನ್ ಪೇಪರ್‌ಗಳು ಬರೆಯೋ ಹಾಗೇ ಇರ್ಲಿಲ್ಲ.

ಪದವಿ ವಿಷಯದಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ. ತೆಮೆಂಗೊಂಗ್ ಆಗಿದ್ದವನು 1868ರಲ್ಲಿ ಮಹಾರಾಜ ಆದ. ಅದಕ್ಕೆ ಮುಂಚೆ ರಿಯಾವ್‌ನ ಪೆನ್ಯೆಂಗಾತ್ ದ್ವೀಪಕ್ಕೆ ಜನ ಕಳಿಸಿ, ಅಲ್ಲಿನ ವಿದ್ವಾಂಸ ರಾಜಾ ಅಲಿ ಹಾಜಿ ಹತ್ರ ವಂಶಾವಳಿ ತೆಗೆಸಿ, ನಮ್ಮ ಮನೆತನಕ್ಕೆ ಈ ಪದವಿ ಸಲ್ಲುತ್ತಾ ಅಂತ ಕೇಳಿಸಿ ಒಪ್ಪಿಗೆ ಪಡೆದ. 1877ರಲ್ಲಿ ಆ ಹಳೇ ಸುಲ್ತಾನ್ ಅಲಿ ತೀರಿಕೊಂಡಾಗ ಮುವಾರ್ ಕೂಡ ಇವನ ಕೈಗೆ. ಆಮೇಲೆ 1885ರ ಡಿಸೆಂಬರ್ 11ಕ್ಕೆ ಲಂಡನ್ನಿನಲ್ಲಿ ಒಪ್ಪಂದ, ಅದ್ರಲ್ಲಿ ಸುಲ್ತಾನ್. ಗವರ್ನರ್ ವೆಲ್ಡ್ ರೆಸಿಡೆಂಟ್ ಇಡ್ಬೇಕು ಅಂತ ಹಠ ಹಿಡಿದಿದ್ದ, ಇವನು ಮತ್ತೆ ಇವನ ಕಾರ್ಯದರ್ಶಿ ಅಬ್ದುಲ್ ರಹಮಾನ್ ಅಂದಾಕ್ ಕೂತು ಎಳೆದಾಡಿ ಏಜೆಂಟ್ ಅನ್ನೋ ಪದಕ್ಕೆ ಇಳಿಸಿದ್ರು, ಅವನಿಗೆ ಕಾನ್ಸಲ್‌ಗೆ ಇರೋ ಅಷ್ಟೇ ಅಧಿಕಾರ. ಆ ಏಜೆಂಟ್ ಕೂಡ ಇವನು ಬದುಕಿರೋ ತನಕ ಬರ್ಲೇ ಇಲ್ಲ. ಹಾವೂ ಸಾಯ್ಲಿಲ್ಲ ಕೋಲೂ ಮುರೀಲಿಲ್ಲ. ಮರು ವರ್ಷ ಲಂಡನ್‌ನಲ್ಲೇ ಜೊಹೊರ್ ಸಲಹಾ ಮಂಡಳಿ ಅಂತ ಒಂದು ಮಾಡ್ಕೊಂಡ, ಗವರ್ನರ್ ತಲೆ ಮೇಲಿಂದಾನೇ ಮಾತಾಡೋಕೆ.

ಧಾರವಾಡ_ಪೇಡೆ

ಪೂರಾ ಗೆದ್ದ ಅನ್ನೂ ಹಂಗ ಬರೀತೀರಿ. ಅದ ಒಪ್ಪಂದದಾಗ ವಿದೇಶಿ ವ್ಯವಹಾರ ಬಿಟ್ಟುಕೊಟ್ಟ ಅಂತ ಲಾ ಪಾಯಿಂಟ್ ಸರ ಈಗ ಹೇಳಿದ್ರಲ್ಲ. ಮತ್ತ ಬ್ರಿಟಿಷರಿಗೆ ಎಷ್ಟು ಸಹಾಯ ಮಾಡ್ಯಾನ ನೋಡ್ರಿ, ಪೆರಾಕ್‌ನ ಸುಲ್ತಾನ್ ಇಸ್ಮಾಯಿಲ್‌ನ್ನ ಅವರು ಹಿಡದು ತಂದಾಗ ಇಟ್ಕೊಂಡದ್ದು ಯಾರು? ಇವನ. ನೆರಿ ರಾಜನ್ನ ಕಾಯೂ ಕೆಲಸ. ಪಹಾಂಗ್‌ನ್ಯಾಗ ಅಣ್ಣ ತಮ್ಮರ ಪಟ್ಟದ ಜಗಳದಾಗ ಮುತಾಹಿರ್‌ನ ಕಡೆ ನಿಂತು, ವಾನ್ ಅಹ್ಮದ್ ಗೆದ್ದ ಮ್ಯಾಲೆ ಕೈ ಸುಟಗೊಂಡಿದ್ದೂ ಐತಿ. ಸ್ವಾತಂತ್ರ್ಯ ಉಳಿಸಿಕೊಂಡ ಅಂದ್ರ ಹೌದು, ಆದ್ರ ಯಾರ ಖರ್ಚಿನ್ಯಾಗ ಅಂತ ಕೇಳಬೇಕಲ್ಲ. ಸಾಲಾನೂ ವಿಪರೀತ ಇತ್ತು, ಪ್ರವಾಸದ ಖರ್ಚಿಗೆ ಲೆಕ್ಕ ಇರಲಿಲ್ಲ.

ಕುಡ್ಲ_ಕಡಲು

ಅದು ಹೌದು, ಖರ್ಚಿನ ಮನುಷ್ಯ. ಸಿಂಗಾಪುರದ ಟೈರ್ಸಾಲ್ ಅರಮನೆ 1892ರಲ್ಲಿ ಕಟ್ಟಿಸಿದ್ದು, 1905ರಲ್ಲಿ ಬೆಂಕಿ ಬಿದ್ದು ಹೋಯಿತು. ಜೊಹೊರ್ ಬಾರುವಿನ ದೊಡ್ಡ ಮಸೀದಿ ಶುರು ಮಾಡಿದ್ದೂ 1892ರಲ್ಲೇ, ಮುಗಿಯುವಾಗ 1900, ಇವನು ನೋಡ್ಲಿಕ್ಕೆ ಇರ್ಲಿಲ್ಲ. ನಾನು ಒಮ್ಮೆ ಹೋಗಿದ್ದೆ, ಮಿನಾರ್ ನೋಡಿದ್ರೆ ಇಂಗ್ಲೆಂಡಿನ ಯಾವುದೋ ಊರಿನ ಗಡಿಯಾರದ ಗೋಪುರ ಅಂತ ಅನ್ನಿಸ್ತದೆ, ಒಳಗೆ ಹೋದ್ರೆ ಕಂಬಗಳ ಸಾಲು, ಕಿಟಕಿ ತುಂಬ ಜಲಸಂಧಿಯ ಗಾಳಿ. ಎದುರಿಗೆ ಸಿಂಗಾಪುರ ಕಾಣ್ತದೆ.

ಮನೆ ಒಳಗಿನ ಕಥೆಯೂ ಭಾರೀ ಇಂಟರೆಸ್ಟಿಂಗ್. ಅಬು ಬಕರ್‌ನ ಮಗ, ಮುಂದೆ ಸುಲ್ತಾನ್ ಆದ ಇಬ್ರಾಹಿಂನ ತಾಯಿ ಜುಬೈದಾ ಇದ್ದಾರಲ್ಲ, ಅವರ ಅಪ್ಪ ಮ್ಯಾಡ್ಸ್ ಲಾಂಗೆ ಅಂತ ಬಾಲಿಯಲ್ಲಿ ವ್ಯಾಪಾರ ಮಾಡ್ತಿದ್ದ ಡೆನ್ಮಾರ್ಕಿನವ. ಇನ್ನೊಬ್ಬ ಹೆಂಡತಿ ಫಾತಿಮಾ ಚೀನಿ ಮೂಲ. ಮತ್ತೊಬ್ಬರು ಖದೀಜಾ, ಸರ್ಕೇಶಿಯನ್. ಇಸ್ತಾಂಬುಲ್ ಅರಮನೆಯಿಂದ ಜೊಹೊರ್‌ಗೆ ಬಂದ ರುಕಿಯೆ ಹಾನಿಂ ಅನ್ನೋರು ಮೊದಲು ಅಬು ಬಕರ್‌ನ ತಮ್ಮನ ಹೆಂಡತಿ, ಆಮೇಲೆ ಜಾಫರ್ ಹಾಜಿ ಮೊಹಮ್ಮದ್ ಅವರನ್ನ ಮದುವೆ ಆದ್ರು. ಈ ಜಾಫರ್ ಜೊಹೊರ್‌ನ ಮೊದಲ ಮುಖ್ಯಮಂತ್ರಿ, ಮೆಂತೆರಿ ಬೆಸಾರ್. ಅವರ ಮಗ ಓನ್ ಜಾಫರ್.

ಇತಿಹಾಸಪ್ರಿಯ_ಮೈಸೂರು

ಓನ್ ಹೆಸರು ಬಂತಲ್ಲ, ಹಾಗಿದ್ರೆ ಸಂವಿಧಾನದ ವಿಷಯ ಹೇಳಿಬಿಡೋಣ. ಪೇಡೆ ಸರ್ ಪ್ರಶ್ನೆಗೂ ಅದೇ ಉತ್ತರ ಅನ್ಕೋತೀನಿ, ಅರ್ಧ ಉತ್ತರ ಆದ್ರೂ.

1895ರ ಏಪ್ರಿಲ್ 14, ಆಗ ಅಬು ಬಕರ್ ಆರೋಗ್ಯ ಕೆಟ್ಟಿತ್ತು. ಜೊಹೊರ್‌ಗೆ ಲಿಖಿತ ಸಂವಿಧಾನ ಜಾರಿ ಮಾಡಿದ, ಮಲಯ ರಾಜ್ಯಗಳಲ್ಲೇ ಮೊದಲನೇದು. ಮಂತ್ರಿಮಂಡಲ, ರಾಜ್ಯ ಪರಿಷತ್ತು, ಉತ್ತರಾಧಿಕಾರ ಎಲ್ಲಾ ಅದ್ರಲ್ಲಿ ಇದೆ. 15ನೇ ವಿಧಿ ಮಾತ್ರ ಬೇರೆ ಥರ. ಜೊಹೊರ್ ನೆಲವನ್ನಾಗಲಿ ರಾಜ್ಯವನ್ನಾಗಲಿ ಯಾವ ಯುರೋಪಿಯನ್ ಶಕ್ತಿಗೂ ಬಿಟ್ಟುಕೊಡೋ ಹಾಗಿಲ್ಲ, ಅಂಥ ಒಪ್ಪಂದ ಮಾಡೋಕೆ ಸುಲ್ತಾನನಿಗೂ ಅಧಿಕಾರ ಇಲ್ಲ ಅಂತ. ಅಂದ್ರೆ ತನ್ನ ನಂತರ ಬರೋ ರಾಜನ ಕೈಯನ್ನೇ ಕಟ್ಟಿ ಹಾಕಿದ. ಅದಾಗಿ ಎರಡು ತಿಂಗಳು ತುಂಬೋದ್ರೊಳಗೆ, ಜೂನ್ 4ಕ್ಕೆ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ಬೈಲೀಸ್ ಹೋಟೆಲ್‌ನಲ್ಲಿ ತೀರಿಕೊಂಡ. ಹಡಗಲ್ಲಿ ಊರಿಗೆ ತಂದು ಮಹಮೂದಿಯಾ ಗುಡ್ಡದ ಮೇಲೆ ಮಣ್ಣು ಮಾಡಿದ್ರು.

ಮಲೆನಾಡ್_ಮೆಣಸು

ಕೈ ಕಟ್ಟಿ ಹಾಕಿದ ಅಂದ್ರಿ, ಆದ್ರೆ ಮಗನ ಕಾಲದಲ್ಲಿ ಬ್ರಿಟಿಷರು ಬಂದೇ ಬಂದ್ರಲ್ಲ?

ವುಡ್‌ಲ್ಯಾಂಡ್ಸ್_ವಾಸು

ಬಂದ್ರು. 1896ರಲ್ಲಿ ಪೆರಾಕ್, ಸೆಲಂಗೋರ್, ನೆಗೆರಿ ಸೆಂಬಿಲಾನ್, ಪಹಾಂಗ್ ನಾಲ್ಕನ್ನೂ ಸೇರಿಸಿ ಫೆಡರೇಶನ್ ಮಾಡಿದಾಗ ಜೊಹೊರ್ ಹೊರಗೇ ಉಳೀತು. ಮಗ ಇಬ್ರಾಹಿಂ ಪಟ್ಟಕ್ಕೆ ಬಂದಾಗ ಇನ್ನೂ 22 ತುಂಬಿರ್ಲಿಲ್ಲ. ಬ್ರಿಟಿಷರು ಮೊದಲು ಮಾಡಿದ ಕೆಲಸ ಏನು ಗೊತ್ತಾ, ಅಪ್ಪನ ಕಾಲದ ಆ ಅಬ್ದುಲ್ ರಹಮಾನ್ ಅಂದಾಕ್‌ನ 1909ರಲ್ಲಿ ನಿವೃತ್ತಿ ಮಾಡಿಸಿ ಇಂಗ್ಲೆಂಡಿಗೆ ಸಾಗಿಸಿದ್ದು. ಅಡ್ಡ ನಿಲ್ಲೋನು ಹೋದ್ಮೇಲೆ 1910ರಲ್ಲಿ ಡಗ್ಲಸ್ ಕ್ಯಾಂಪ್‌ಬೆಲ್ ಜನರಲ್ ಅಡ್ವೈಸರ್ ಆಗಿ ಬಂದ, 1914ರಲ್ಲಿ ಒಪ್ಪಂದ ತಿದ್ದಿ ಅವನ ಸಲಹೆ ಪಾಲಿಸ್ಲೇಬೇಕು ಅಂತ ಮಾಡಿದ್ರು. ಆದ್ರೂ ಆಡಳಿತದಲ್ಲಿ ಜೊಹೊರ್ ಮಲಯರು ಉಳಿದಷ್ಟು ಬೇರೆ ರಾಜ್ಯಗಳಲ್ಲಿ ಉಳೀಲಿಲ್ಲ, ಕಚೇರಿ ಭಾಷೇನೂ ಮಲಯ್ ಆಗೇ ಮುಂದುವರೀತು. ಅದು ಅಬು ಬಕರ್ ಕಟ್ಟಿದ ಅಧಿಕಾರಿ ವರ್ಗದಿಂದಾನೇ ಆಗಿದ್ದು. ಹಾಗಾಗಿ ನನ್ನ ಮಾತಿಗೆ ನಾನು ಅಂಟ್ಕೊಂಡೇ ಇದೀನಿ, ಅದೃಷ್ಟ ಅಂತ ಒಪ್ಪಲ್ಲ.

ಧಾರವಾಡ_ಪೇಡೆ

ಅಧಿಕಾರಿ ವರ್ಗದ ಮಾತು ಒಪ್ಪತೀನ್ರಿ. ಅಫೀಮಿನ ಮಾತು ಮಾತ್ರ ಬಿಡಂಗಿಲ್ಲ. ಕಾಂಗ್ಚು ಪದ್ಧತಿ ಬಂದ್ ಆದದ್ದು 1917ಕ್ಕ, ಅದೂ ಆ ಅಡ್ವೈಸರ್ ಬಂದ ಮ್ಯಾಲೆ, ಅಷ್ಟೊತ್ತಿಗೆ ಗ್ಯಾಂಬಿಯರ್ ಮುಗದು ರಬ್ಬರ್ ಬಂದಿತ್ತು. ಕೂಲಿಗಳ ಮ್ಯಾಲೆ ಕನಿಕರ ಬಂದು ಯಾರೂ ನಿಲ್ಲಿಸಲಿಲ್ಲ.

ಇತಿಹಾಸಪ್ರಿಯ_ಮೈಸೂರು

15ನೇ ವಿಧಿ ಕಥೆ ಪೂರ್ತಿ ಮಾಡ್ತೀನಿ. 1945ರ ಅಕ್ಟೋಬರ್, ಜಪಾನ್ ಸೋತು ಬ್ರಿಟಿಷರು ವಾಪಸ್ ಬಂದಿದ್ರು. ಮಲಯನ್ ಯೂನಿಯನ್ ಅಂತ ಮಾಡಿ ಸುಲ್ತಾನರ ಅಧಿಕಾರವನ್ನೆಲ್ಲಾ ರಾಣಿಮನೆಗೆ, ಅಲ್ಲಲ್ಲ ಆಗ ರಾಜ, ಬ್ರಿಟಿಷ್ ರಾಜನಿಗೆ ಬರೆಸ್ಕೊಳ್ಳೋಕೆ ಸರ್ ಹೆರಾಲ್ಡ್ ಮ್ಯಾಕ್‌ಮೈಕೆಲ್‌ನ ಕಳಿಸಿದ್ರು. ಮೊದಲು ಸಹಿ ಹಾಕಿದ ಸುಲ್ತಾನ ಯಾರು ಹೇಳಿ? ಜೊಹೊರ್‌ನ ಇಬ್ರಾಹಿಂ, ಅಬು ಬಕರ್‌ನ ಮಗ. ಆಗ ಜೊಹೊರ್ ಮಲಯರು ಅಪ್ಪ ಬರೆದಿಟ್ಟ ಸಂವಿಧಾನ ತೆಗೆದು, ಈ ಸಹಿ 15ನೇ ವಿಧಿಗೆ ವಿರುದ್ಧ, ಹಾಗಾಗಿ ಊರ್ಜಿತ ಅಲ್ಲ ಅಂತ ಎದ್ದು ನಿಂತ್ರು. 1946ರ ಫೆಬ್ರವರಿಲಿ ಅಬು ಬಕರ್ ಮಸೀದಿ ಹತ್ರಾನೇ ಸುಲ್ತಾನನಿಗೆ ಧಿಕ್ಕಾರ ಕೂಗಿದ್ರು, ಮಲಯ ಸಮಾಜದಲ್ಲಿ ರಾಜದ್ರೋಹ ಅಂದ್ರೆ ಎಂಥಾ ಪಾಪ ಅಂತ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತೆ. ಮೇ 11ಕ್ಕೆ ಓನ್ ಜಾಫರ್ ನಾಯಕತ್ವದಲ್ಲಿ ಅಮ್ನೋ (UMNO) ಅನ್ನೋ ಮಲಯರ ಪಕ್ಷ ಹುಟ್ಟಿತು, ಅದೂ ಎಲ್ಲಿ, 1866ರಲ್ಲಿ ಅಬು ಬಕರ್ ಕಟ್ಟಿಸಿದ ಇಸ್ತಾನಾ ಬೆಸಾರ್ ಅರಮನೇಲಿ. 1948ರಲ್ಲಿ ಮಲಯನ್ ಯೂನಿಯನ್ನೇ ರದ್ದಾಯ್ತು.

ಲಾ_ಪಾಯಿಂಟ್

ಬ್ರಿಟಿಷ್ ವಕೀಲರ ಕೈಲಿ ಡ್ರಾಫ್ಟ್ ಮಾಡಿಸಿದ ವಿಧಿ, 50 ವರ್ಷ ಆದ್ಮೇಲೆ ಬ್ರಿಟಿಷರ ವಿರುದ್ಧಾನೇ ಕೆಲಸಕ್ಕೆ ಬಂತು. ಡ್ರಾಫ್ಟಿಂಗ್ ಫೀಸು ಎಷ್ಟು ಕೊಟ್ಟಿದ್ದನೋ, ವಸೂಲಾಯ್ತು.

ಕುಡ್ಲ_ಕಡಲು

ಓನ್ ಜಾಫರ್ ಮಗ ಹುಸೇನ್ ಓನ್ ಮಲೇಶಿಯಾದ ಮೂರನೇ ಪ್ರಧಾನಿ ಅಲ್ವಾ. ವಾಸುಯವ್ರೇ, ಓನ್ ಮತ್ತೆ ಇಬ್ರಾಹಿಂ ಜಗಳದ ಬಗ್ಗೆ ಬೇರೆ ಥ್ರೆಡ್ ತೆಗೀರಿ, ಇದ್ರಲ್ಲಿ ಸೇರಿಸಿದ್ರೆ ಮುಗಿಯುವುದಿಲ್ಲ. ಆ ಇಬ್ರಾಹಿಂ 1959ರ ತನಕ ಆಳಿದ್ದು, 64 ವರ್ಷ, ಅವನೂ ಸತ್ತದ್ದು ಲಂಡನ್ನಿನಲ್ಲೇ.

ವುಡ್‌ಲ್ಯಾಂಡ್ಸ್_ವಾಸು

ಭಾನುವಾರ ಕೂತು ಬರೀತೀನಿ. ಅದಕ್ಕೆ ಮುಂಚೆ ಯಾರಿಗಾದ್ರೂ 1879ರ ಜೆಮೆಂತಾ ಜಗಳದ ಬಗ್ಗೆ, ಹುಸೇನ್ ಮನೆತನದವರ ಕಡೆಯಿಂದ ಬರೆದದ್ದು ಏನಾದ್ರೂ ಸಿಕ್ಕಿದ್ರೆ ಇಲ್ಲೇ ಹಾಕಿ. ಎಲ್ಲಾ ಕಡೆ ಗೆದ್ದವರ ಬರಹಾನೇ ಸಿಗ್ತಾ ಇದೆ.